ಮಾತ್ರೆ ಹಳ್ಳಿಗೆ ಬಂತು, ರಕ್ತ?

ಹೆರಿಗೆ ಆದ್ಮೇಲೆ ರಕ್ತಸ್ರಾವ ನಿಲ್ಲದಿದ್ರೆ ಬಾಣಂತಿಯ ಜೀವ ಎರಡೇ ಗಂಟೇಲಿ ಹೋಗಬಹುದು. ರಾಮದುರ್ಗದಿಂದ ಬೆಳಗಾವಿಗೆ ಸುಮಾರು 100 ಕಿ.ಮೀ. ಲೆಕ್ಕ ನೀವೇ ಹಾಕಿ...

ಇದನ್ನ ತಡೆಯೋ ದಾರಿ ತೋರಿಸಿದ್ದರಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಗಳದ್ದೂ ಪಾಲಿದೆ ಗೊತ್ತಾ? 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಧ್ಯಯನದಲ್ಲಿ ಇಲ್ಲಿನ 1,620 ಹೆಂಗಸರಿದ್ದರು. ಹೆರಿಗೆ ಮಾಡಿಸಿದ ನರ್ಸಮ್ಮಂದಿರು ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿದವರಲ್ಲಿ ಶೇ. 6.4 ಮಂದಿಗೆ ಅತಿಯಾದ ರಕ್ತಸ್ರಾವ ಆಯ್ತು, ಆ ಮಾತ್ರೆ ಸಿಗದವರಲ್ಲಿ ಶೇ. 12 ಮಂದಿಗೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದಕ್ಕಾಗಿ ಆ ಮಾತ್ರೆಯನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಹೆಮ್ಮೆ ಅನ್ಸುತ್ತೆ ಅಲ್ವಾ?

ಆದ್ರೆ ಉಳಿದ ಆ 6.4ರಲ್ಲಿ ಕೆಲವರಿಗೆ ರಕ್ತ ಬೇಕು, ಆಪರೇಷನ್ ಬೇಕು, ಅರಿವಳಿಕೆ ಡಾಕ್ಟ್ರು ಬೇಕು. ಅದೂ ರಾತ್ರಿ ಎರಡು ಗಂಟೆಗೆ! 108 ಇದೆಯಲ್ಲ ಅಂತೀರಾ? ಆಂಬುಲೆನ್ಸ್ ಬೇಗ ಓಡಬಹುದು, ಊರನ್ನ ಹತ್ತಿರ ತರಲ್ಲ. ಮೊದಲ ರೆಫರಲ್ ಆಸ್ಪತ್ರೆ ಅಂದ್ರೆ 24 ಗಂಟೆ ಸಿಸೇರಿಯನ್, ರಕ್ತ ಸಂಗ್ರಹ ಎರಡೂ ಇರಬೇಕು ಅನ್ನೋದು ಸರ್ಕಾರದ್ದೇ ನಿಯಮ.

ನಮ್ಮಂಥ ಕಂಪನಿಗಳಲ್ಲಿ ಸರ್ವರ್ ಕಾಯೋಕೂ ರಾತ್ರಿ ಪಾಳಿ ಇರುತ್ತೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ... ಎಲ್ಲೇ ಹೊಸ ಕಟ್ಟಡದ ಉದ್ಘಾಟನೆ ಆದ್ರೂ ನಾವು ಕೇಳಬೇಕಾದ್ದು ಇಷ್ಟೇ: ಇವತ್ತು ರಾತ್ರಿ ಇಲ್ಲಿ ರಕ್ತ ಇದೆಯಾ? ಡಾಕ್ಟ್ರು ಇರ್ತಾರಾ?