ಗಟ್ಟಿ ಟ್ರ್ಯಾಕ್, ಬಾಳಿಕೆಯ ಟ್ರ್ಯಾಕ್

ನಾನು ಇವತ್ತಿನವರೆಗೂ ಹಿಮ ಮುಟ್ಟಿಲ್ಲ. ಮನೆಯ ಫ್ರೀಜರ್‌ನಲ್ಲಿ ಕಟ್ಟೋ ಐಸನ್ನ ಲೆಕ್ಕಕ್ಕೆ ತಗೊಂಡ್ರೆ ಮಾತ್ರ ಸ್ವಲ್ಪ ಅನುಭವ ಇದೆ. ಆದರೂ ಹೋದ ವರ್ಷ, ಸ್ನೋಮೊಬೈಲ್‌ಗೆ ಯಾವ ಟ್ರ್ಯಾಕ್ ಹಾಕಿಸಬೇಕು ಅಂತ ಸಲಹೆ ಕೊಟ್ಟೆ, ಅದೂ ಭಾರಿ ಕಾನ್ಫಿಡೆನ್ಸ್‌ನಿಂದ. ಆ ಸಲಹೆಗೆ ದುಡ್ಡು ತೆತ್ತಿದ್ದು, ಕತ್ತಲಲ್ಲಿ ಆರು ಕಿಲೋಮೀಟರ್ ನಡೆದಿದ್ದು ನನ್ನ ಅಣ್ಣ. ಈ ಲೇಖನ ಒಂಥರಾ ತಪ್ಪೊಪ್ಪಿಗೆ. ಜೊತೆಗೆ, ಬಾಳಿಕೆ ಬರೋ ವಸ್ತು ಆರಿಸೋ ಬಗ್ಗೆ ನನಗೀಗ ಇರೋ ಒಂದು ಗಟ್ಟಿ ಅಭಿಪ್ರಾಯ.

ಅಣ್ಣ ಅಂದ್ರೆ ದೊಡ್ಡಪ್ಪನ ಮಗ. ಅಮೆರಿಕದ ಮಿಷಿಗನ್ ರಾಜ್ಯದ ಉತ್ತರ ತುದಿಯಲ್ಲಿ ಹೋಟನ್ ಅಂತ ಒಂದು ಸಣ್ಣ ಊರಿದೆ, ಅಲ್ಲಿ ಎಂಎಸ್ ಓದ್ತಿದ್ದಾನೆ. ಪಕ್ಕದಲ್ಲೇ ಸುಪೀರಿಯರ್ ಸರೋವರ. ಚಳಿಗಾಲದ ಗಾಳಿ ಆ ನೀರಿನ ಮೇಲಿಂದ ತೇವ ಹೀರಿಕೊಂಡು ಬಂದು ಈ ಭಾಗದಲ್ಲಿ ಹಿಮವಾಗಿ ಸುರಿಯುತ್ತೆ. ಸಾಮಾನ್ಯ ವರ್ಷದಲ್ಲಿ 200 ಇಂಚಿಗೂ ಜಾಸ್ತಿ, ಅಂದ್ರೆ ಐದು ಮೀಟರ್. ಅಲ್ಲಿ ಸ್ನೋಮೊಬೈಲ್ ನಮ್ಮೂರ ಬೈಕ್ ಇದ್ದ ಹಾಗೆ. ಅಣ್ಣ ಮತ್ತು ಅವನ ರೂಮ್‌ಮೇಟ್ ಸೇರಿ ಒಂದು ಹಳೇ ಗಾಡಿ ತಗೊಂಡ್ರು. ಇಂಜಿನ್ ಚೆನ್ನಾಗಿತ್ತು, ಟ್ರ್ಯಾಕ್ ಹೋಗಿತ್ತು.

ಗೊತ್ತಿಲ್ಲದವರಿಗೆ: ಸ್ನೋಮೊಬೈಲ್‌ಗೆ ಮುಂದೆ ಎರಡು ಸ್ಕೀ, ಹಿಂದೆ ಚಕ್ರದ ಬದಲು ಒಂದು ಅಗಲವಾದ ರಬ್ಬರ್ ಪಟ್ಟಿ. ಅದೇ ಟ್ರ್ಯಾಕ್. ರಬ್ಬರ್ ಒಳಗೆ ಬಟ್ಟೆಯ ಪದರ, ಅಡ್ಡಕ್ಕೆ ಫೈಬರ್‌ಗ್ಲಾಸ್ ರಾಡ್‌ಗಳು ಇರುತ್ತವೆ. ಹೊರಗೆ ಹಿಮ ಕಚ್ಚೋಕೆ ಎದ್ದು ನಿಂತಿರೋ ರಬ್ಬರ್ ಹಲ್ಲುಗಳು, ಅವಕ್ಕೆ ಲಗ್ ಅಂತಾರೆ. ಒಳಗಡೆ ಉಕ್ಕಿನ ಕ್ಲಿಪ್‌ಗಳಿದ್ದು, ಅವು ಸಸ್ಪೆನ್ಷನ್ ಹಳಿಯ ಕೆಳಗಿರೋ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಜಾರುತ್ತವೆ.

ಅಣ್ಣ ಕೇಳಿದ, "ಒಂದು ಇಂಚಿನ ಲಗ್‌ದು ಇದೆ, ಒಂದೂಕಾಲು ಇಂಚಿಂದಿದೆ, ಎರಡು ಇಂಚಿಂದೂ ಇದೆ. ಯಾವುದು ಜಾಸ್ತಿ ಬಾಳಿಕೆ ಬರುತ್ತೋ?" ನಾನು ಒಂದು ಸೆಕೆಂಡೂ ಯೋಚನೆ ಮಾಡ್ಲಿಲ್ಲ. "ಎರಡು ಇಂಚಿಂದು ತಗೋ ಅಣ್ಣ, ಅದೇ ಗಟ್ಟಿ. ರಬ್ಬರ್ ಜಾಸ್ತಿ ಇದ್ರೆ ಸವೆಯೋಕೆ ಜಾಸ್ತಿ ದಿನ ಬೇಕಲ್ವಾ?" ಚಪ್ಪಲಿ ಅಂಗಡಿಯಲ್ಲಿ ದಪ್ಪ ಸೋಲ್ ನೋಡಿ ಆರಿಸೋ ಲಾಜಿಕ್. ಕ್ಯಾಂಪಸ್ ಕ್ಯಾಂಟೀನ್‌ನಲ್ಲಿ ವಾರಕ್ಕೆ 20 ಗಂಟೆ ಪಾತ್ರೆ ತೊಳೆದು ಉಳಿಸಿದ ದುಡ್ಡಲ್ಲಿ ಅವನು ಅದನ್ನೇ ತರಿಸಿ ಹಾಕಿಸಿದ.

ಡಿಸೆಂಬರ್‌ನಲ್ಲಿ ಸೂಪರ್ ಅಂದ. ಫೆಬ್ರವರಿಯಲ್ಲಿ ಒಂದು ವಾರ ಬಿಸಿಲು ಬಿದ್ದು, ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ, ದಾರಿ ಎಲ್ಲ ಕಲ್ಲಿನ ಥರ ಆಯ್ತು. ಅದೇ ವಾರ ಸಂಜೆ ಹೊತ್ತಲ್ಲಿ ಕಾಡಿನ ನಡುವೆ ಲಗ್‌ಗಳು ತುಂಡು ತುಂಡಾಗಿ ಕಿತ್ತು ಬಂದವು. ಗಾಡಿ ಅಲ್ಲೇ ನಿಂತಿತು. ಚಳಿಗೆ ಫೋನ್ ಆಫ್ ಆಗಿತ್ತು. ಇಬ್ಬರೂ ನಡೆದೇ ರಸ್ತೆ ಸೇರಿದರು. ದೊಡ್ಡಮ್ಮನಿಗೆ ಇದು ಇನ್ನೂ ಗೊತ್ತಿಲ್ಲ. (ದೊಡ್ಡಮ್ಮ ಆನ್‌ಲೈನ್ ಮ್ಯಾಗಝೀನ್ ಓದಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದ್ದೀನಿ.)

ಎಲ್ಲಿ ತಪ್ಪಿದೆ ಅಂತ ಆಮೇಲೆ ಯೋಚನೆ ಮಾಡಿದಾಗ ಸಿಕ್ಕಿದ್ದು ಒಂದು ಕನ್ನಡ ಪದ: ಗಟ್ಟಿ. ನಾವು ಎಲ್ಲದಕ್ಕೂ ಇದೇ ಪದ ಬಳಸ್ತೀವಿ. ಚಕ್ಕುಲಿ ಗಟ್ಟಿ, ಹಗ್ಗ ಗಟ್ಟಿ, ಮನಸ್ಸು ಗಟ್ಟಿ, ಚೇರು ಗಟ್ಟಿ. ಆದ್ರೆ ಮೆಟೀರಿಯಲ್ ಸೈನ್ಸ್ ಕ್ಲಾಸ್‌ನಲ್ಲಿ ಇವೆಲ್ಲ ಬೇರೆ ಬೇರೆ ಗುಣ. ಗೀಚಿದರೆ ಗೆರೆ ಬೀಳದಿರೋದು ಒಂದು, ಎಳೆದರೆ ಹರಿಯದಿರೋದು ಇನ್ನೊಂದು, ಸಾವಿರ ಸಲ ಬಗ್ಗಿಸಿದರೂ ಬಿರುಕು ಬಿಡದಿರೋದು ಮತ್ತೊಂದು. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ, ಪರೀಕ್ಷೆಯಲ್ಲಿ ಇದನ್ನೆಲ್ಲ ಬರೆದು ಮಾರ್ಕ್ಸೂ ತಗೊಂಡಿದ್ದೆ. ಆದ್ರೆ ಅಣ್ಣ ಕೇಳಿದಾಗ ತಲೆ ಓಡಿದ್ದು ಕನ್ನಡದಲ್ಲಿ, ಬಾಯಿಗೆ ಬಂದಿದ್ದು ಗಟ್ಟಿ. ಅವನು ಕೇಳಿದ ಪದ 'ಬಾಳಿಕೆ' ಅಂತ ನಾನು ಗಮನಿಸಲೇ ಇಲ್ಲ. ಬಾಳಿಕೆ ಬಂದಿರೋದು ಬಾಳು ಅನ್ನೋದರಿಂದ. ಅಂದ್ರೆ ಎಲ್ಲಿ, ಹೇಗೆ ಬಾಳುತ್ತೆ ಅನ್ನೋ ಪ್ರಶ್ನೆ ಆ ಪದದ ಒಳಗೇ ಇದೆ.

ಲೆಕ್ಕ ಹಾಕಿ ನೋಡೋಣ. ಅಣ್ಣನ ಟ್ರ್ಯಾಕ್ 121 ಇಂಚು ಸುತ್ತಳತೆ, ಹತ್ತಿರ ಹತ್ತಿರ 3.07 ಮೀಟರ್. ಗಂಟೆಗೆ 60 ಕಿಲೋಮೀಟರ್ ಸ್ಪೀಡ್‌ನಲ್ಲಿ ಹೋದರೆ ಅದು ಸೆಕೆಂಡಿಗೆ ಐದೂವರೆ ಸುತ್ತು ತಿರುಗುತ್ತೆ. ಒಂದು ಗಂಟೆಗೆ ಒಂದೊಂದು ಲಗ್ ನೆಲಕ್ಕೆ ಬಡಿಯೋದು ಸುಮಾರು 19,500 ಸಲ. ಮೆತ್ತಗಿರೋ ಹಿಮದಲ್ಲಿ ಲಗ್ ಒಳಗೆ ಇಳಿದು ಹಿಮವನ್ನ ತಳ್ಳುತ್ತೆ, ಹಿಮ ಅದನ್ನ ತಂಪೂ ಮಾಡುತ್ತೆ. ಗಟ್ಟಿ ನೆಲದಲ್ಲಿ ಒಳಗೆ ಇಳಿಯೋಕೆ ಜಾಗ ಇಲ್ಲ, ಹಾಗಾಗಿ ಲಗ್ ಬುಡದಲ್ಲಿ ಬಗ್ಗುತ್ತೆ. ರಬ್ಬರ್ ಬಗ್ಗಿ ವಾಪಸ್ ಬಂದಾಗೆಲ್ಲ ಸ್ವಲ್ಪ ಶಕ್ತಿ ಶಾಖ ಆಗುತ್ತೆ. ಎತ್ತರದ ಲಗ್ ಜಾಸ್ತಿ ಬಗ್ಗುತ್ತೆ, ಜಾಸ್ತಿ ಕಾಯುತ್ತೆ. ಕಾದ ರಬ್ಬರ್ ಬಲ ಕಳ್ಕೊಂಡು ಬುಡದಿಂದ ಕಿತ್ತು ಬರುತ್ತೆ. ಯಾವ ಎತ್ತರವನ್ನ ನಾನು ಬಾಳಿಕೆ ಅಂದ್ಕೊಂಡಿದ್ನೋ, ಅದೇ ಅದರ ಆಯಸ್ಸು ತಿಂದಿತು.

ಹಾಗಂತ ಎತ್ತರದ ಲಗ್ ಕೆಟ್ಟದ್ದಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳಲ್ಲಿ, ಸೊಂಟದವರೆಗೆ ಹೂತುಹೋಗೋ ಪುಡಿ ಹಿಮದಲ್ಲಿ, ಎರಡೂವರೆ ಮೂರು ಇಂಚಿನ ಲಗ್, 154 ಇಂಚಿಗಿಂತ ಉದ್ದದ ಟ್ರ್ಯಾಕ್ ಇಲ್ಲದಿದ್ರೆ ಗಾಡಿ ಮುಂದಕ್ಕೇ ಹೋಗಲ್ಲ. ಅಲ್ಲಿ ಅದು ವರ್ಷಗಟ್ಟಲೆ ಬಾಳುತ್ತೆ. ನಮ್ಮ ಕಡೆ ಭತ್ತದ ಗದ್ದೆಗೆ ಟ್ರ್ಯಾಕ್ಟರ್‌ಗೆ ಕೇಜ್ ವೀಲ್ ಹಾಕ್ತಾರಲ್ಲ, ಹಾಗೆ. ಕೆಸರಲ್ಲಿ ಅದೇ ರಾಜ. ಟಾರ್ ರೋಡಿಗೆ ಹತ್ತಿಸಿದ್ರೆ ರೋಡೂ ಹಾಳು, ಚಕ್ರವೂ ಹಾಳು. ಅಣ್ಣ ಓಡಾಡೋದು ಮೆಷಿನ್‌ನಿಂದ ತಟ್ಟಿ ಗಟ್ಟಿ ಮಾಡಿದ ಟ್ರೇಲ್‌ನಲ್ಲಿ. ಐದು ಮೀಟರ್ ಹಿಮ ಬೀಳುತ್ತೆ ಅನ್ನೋದನ್ನ ನೋಡಿ ನಾನು ಮೋಸಹೋದೆ. ಹಿಮ ಎಷ್ಟು ಬೀಳುತ್ತೆ ಅನ್ನೋದಕ್ಕಿಂತ, ಗಾಡಿಯ ಕೆಳಗೆ ಬರೋ ಹಿಮ ಹೇಗಿದೆ ಅನ್ನೋದು ಮುಖ್ಯ.

ಅಲ್ಲಿನ ರಿಪೇರಿ ಅಂಗಡಿಯ ಒಬ್ಬ ವಯಸ್ಸಾದ ಮೆಕ್ಯಾನಿಕ್ ಅಣ್ಣನಿಗೆ ಕೇಳಿದ ಮೊದಲ ಪ್ರಶ್ನೆ, ಹೊಸದು ಯಾವುದು ಬೇಕು ಅನ್ನೋದಲ್ಲ. "ಹಳೇದು ಯಾಕೆ ಸತ್ತಿತು?" ಅಂತ. ಮೊದಲನೇ ಹಳೇ ಟ್ರ್ಯಾಕ್ ಇನ್ನೂ ಮನೆ ಹಿಂದೆ ಬಿದ್ದಿತ್ತು. ಎರಡನ್ನೂ ಪಕ್ಕಪಕ್ಕ ಹಾಸಿ ನೋಡಿದಾಗ, ಎರಡರಲ್ಲೂ ಬಲಗಡೆಯ ಅಂಚು ನೂಲು ನೂಲಾಗಿ ಬಿಚ್ಚಿಕೊಂಡಿತ್ತು. ಅಂದ್ರೆ ಹಿಂದಿನ ಆಕ್ಸಲ್‌ನ ಎರಡು ಅಡ್ಜಸ್ಟಿಂಗ್ ಬೋಲ್ಟ್ ಸಮ ಇರಲಿಲ್ಲ, ಟ್ರ್ಯಾಕ್ ಯಾವಾಗಲೂ ಒಂದು ಕಡೆಗೆ ಎಳೀತಿತ್ತು. ಲಗ್ ಕಿತ್ತು ಹೋಗದಿದ್ದರೂ ನಾನು ಹೇಳಿದ ಟ್ರ್ಯಾಕ್ ಇನ್ನೊಂದು ಸೀಸನ್‌ನಲ್ಲಿ ಸಾಯ್ತಿತ್ತು. ರೋಗ ಗಾಡಿಯಲ್ಲಿತ್ತು, ನಾವು ಬಟ್ಟೆ ಬದಲಾಯಿಸ್ತಿದ್ವಿ.

ಹಾಗಾಗಿ ನನ್ನ ಅಭಿಪ್ರಾಯ: ಬಾಳಿಕೆ ಬರೋ ಟ್ರ್ಯಾಕ್ ಆರಿಸೋದು ಕ್ಯಾಟಲಾಗ್‌ನಿಂದ ಶುರು ಆಗಬಾರದು, ಸತ್ತ ಟ್ರ್ಯಾಕ್‌ನಿಂದ ಶುರು ಆಗಬೇಕು. ಅದು ಎಲ್ಲ ಹೇಳುತ್ತೆ. ಒಂದೇ ಅಂಚು ಸವೆದಿದ್ರೆ ಅಲೈನ್‌ಮೆಂಟ್ ತಪ್ಪಿದೆ. ಒಳಗಿನ ಡ್ರೈವ್ ಹಲ್ಲುಗಳು ಹರಿದಿದ್ರೆ ಟ್ರ್ಯಾಕ್ ಸಡಿಲ ಇದ್ದು ಸ್ಪ್ರಾಕೆಟ್ ಹಲ್ಲು ಹಾರಿದೆ. ಕ್ಲಿಪ್ ಸವೆದು, ಪ್ಲಾಸ್ಟಿಕ್ ಪಟ್ಟಿ ಕರಗಿದ್ರೆ ಹಿಮ ಕಮ್ಮಿ ಇರೋ ಕಡೆ ಓಡಿಸಿದ್ದೀರಿ, ಯಾಕಂದ್ರೆ ಆ ಪಟ್ಟಿಗೆ ಹಿಮವೇ ಎಣ್ಣೆ, ಹಿಮವೇ ಕೂಲೆಂಟ್. ರಾಡ್ ಮುರಿದಿದ್ರೆ ಕಲ್ಲಿಗೋ ಹಳಿಗೋ ಹೊಡೆದಿದೆ. ಓಡಿಸದೇ ಇಟ್ಟಿದ್ದರೂ ರಬ್ಬರ್ ತುಂಬಾ ಸಣ್ಣ ಸಣ್ಣ ಬಿರುಕಿದ್ರೆ ಅದು ವಯಸ್ಸು. ಇದೇ ಕಾರಣಕ್ಕೆ, ಹೊಸದರ ಹಾಗೆ ಕಾಣೋ ಹಳೇ ಸ್ಟಾಕ್ ಅಗ್ಗಕ್ಕೆ ಸಿಗ್ತಿದೆ ಅಂತ ಹಾರಬೇಡಿ.

ಆಮೇಲೆ ಅಳತೆ. ಅಗಲ, ಉದ್ದ ಎಲ್ಲರೂ ನೋಡ್ತಾರೆ, ಪಿಚ್ ಮರೀತಾರೆ. ಪಿಚ್ ಅಂದ್ರೆ ಒಂದು ಡ್ರೈವ್ ಸಾಲಿಂದ ಮುಂದಿನ ಸಾಲಿಗೆ ಇರೋ ದೂರ. ಅಣ್ಣನ ಗಾಡಿಗೆ 2.52 ಇಂಚು, ಸುತ್ತಿಗೆ 48 ಸಾಲು. 2.86 ಪಿಚ್‌ನ ಟ್ರ್ಯಾಕ್ ಎಷ್ಟೇ ಒಳ್ಳೇದಿರಲಿ, 2.52ರ ಸ್ಪ್ರಾಕೆಟ್‌ಗೆ ಕೂರಲ್ಲ. ಲಗ್‌ಗೂ ಮೇಲಿನ ಟನಲ್‌ಗೂ ನಡುವೆ ಜಾಗ ಇದೆಯಾ ಅಂತ ಅಳೆದು ನೋಡಬೇಕು. ಟ್ರೇಲ್‌ನಲ್ಲೇ ಓಡಾಡೋರಿಗೆ ಎರಡು ಪದರ ಬಟ್ಟೆ ಇರೋದು, ಮೂರು ಕಿಟಕಿಗೊಂದು ಅಲ್ಲದೆ ಪ್ರತಿ ಕಿಟಕಿಗೂ ಕ್ಲಿಪ್ ಇರೋದು ಒಳ್ಳೇದು. ಕ್ಯಾಟಲಾಗ್‌ನಲ್ಲಿ ಇವು ದೊಡ್ಡ ಅಕ್ಷರದಲ್ಲಿ ಇರಲ್ಲ, ಲಗ್ ಎತ್ತರ ಇರುತ್ತೆ.

ಐಸ್ ಜಾಸ್ತಿ ಇದ್ರೆ ಕಾರ್ಬೈಡ್ ತುದಿಯ ಸ್ಟಡ್ ಹಾಕಿಸಿ ಅನ್ನೋರಿದ್ದಾರೆ. ಬ್ರೇಕ್ ಹಿಡಿಯೋಕೆ ಅದು ನಿಜಕ್ಕೂ ಬೇಕಾಗಬಹುದು. ಆದ್ರೆ ಅದಕ್ಕಾಗಿ ಟ್ರ್ಯಾಕ್‌ಗೆ ನೂರರ ಹತ್ತಿರ ತೂತು ಕೊರೀತೀರಿ ಅನ್ನೋದು ನೆನಪಿರಲಿ. ಒಂದೇ ಪದರದ ಟ್ರ್ಯಾಕ್‌ಗೆ ಅದು ಸರಿಯಲ್ಲ.

"ಇಷ್ಟೆಲ್ಲ ಯಾಕೆ, ಇರೋದರಲ್ಲಿ ದುಬಾರಿದು ತಗೊಂಡ್ರೆ ಆಯ್ತಲ್ಲ" ಅಂತ ನನ್ನ ರೂಮ್‌ಮೇಟ್ ಹೇಳಿದ. ದುಡ್ಡಿರೋರು ಮಾಡಬಹುದು. ಆದ್ರೆ ದುಬಾರಿ ಟ್ರ್ಯಾಕ್‌ಗಳಲ್ಲಿ ಎಷ್ಟೋ ಇರೋದು ಬೆಟ್ಟದ ಪುಡಿ ಹಿಮಕ್ಕೆ, ಹಗುರ ಇರಲಿ ಅಂತ ಮಾಡಿದ್ದು. ಟ್ರೇಲ್‌ನಲ್ಲಿ ಅವು ಬೇಗ ಸಾಯ್ತವೆ. ದುಡ್ಡು ಕೊಟ್ಟು ತಪ್ಪು ಕೊಂಡ ಹಾಗೆ. 2023-24ರಲ್ಲಿ ಅಮೆರಿಕದ ಆ ಇಡೀ ಭಾಗದಲ್ಲಿ ಚಳಿಗಾಲ ಬಿಸಿಯಾಗಿ, ಹಿಮ ತುಂಬಾ ಕಮ್ಮಿ ಬಿತ್ತು. ಅಂಥ ವರ್ಷಗಳು ಮತ್ತೆ ಬರ್ತವೆ ಅಂತ ಇಟ್ಕೊಂಡೇ ಆರಿಸಬೇಕು. ಕನಸಿನ ದಿನಕ್ಕಲ್ಲ, ಸಾಧಾರಣ ದಿನಕ್ಕೆ.

ಇದು ಶೋಕಿ ಗಾಡಿಯ ವಿಷಯ ಅಂತ ನಿಮಗೆ ಅನಿಸಬಹುದು. ಕೆನಡಾದ ಕ್ವಿಬೆಕ್‌ನಲ್ಲಿ ಜೋಸೆಫ್-ಅರ್ಮಾಂಡ್ ಬಾಂಬಾರ್ಡಿಯರ್ ಅಂತ ಒಬ್ಬ ಮೆಕ್ಯಾನಿಕ್ ಇದ್ದರು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗನಿಗೆ ಹೊಟ್ಟೆನೋವು ಜೋರಾಯ್ತು. ದಾರಿ ಹಿಮದಲ್ಲಿ ಮುಚ್ಚಿತ್ತು, ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಆಗಲಿಲ್ಲ. ಮಗು ಉಳಿಯಲಿಲ್ಲ. ಹಿಮದಲ್ಲಿ ಓಡೋ ಗಾಡಿಗಾಗಿ ಮೊದಲೇ ಪ್ರಯತ್ನ ಮಾಡ್ತಿದ್ದ ಅವರು 1937ರಲ್ಲಿ ಸ್ಪ್ರಾಕೆಟ್ ಮತ್ತು ಟ್ರ್ಯಾಕ್‌ಗೆ ಪೇಟೆಂಟ್ ಪಡೆದರು. 1959ರಲ್ಲಿ ಅವರ ಸಣ್ಣ ಗಾಡಿ ಸ್ಕೀ-ಡೂ ಮಾರುಕಟ್ಟೆಗೆ ಬಂತು. ಇವತ್ತಿಗೂ ಕೆನಡಾದ ಆರ್ಕ್ಟಿಕ್‌ನ ಇನುಯಿಟ್ ಬೇಟೆಗಾರರಿಗೆ, ಉತ್ತರ ಯುರೋಪಿನಲ್ಲಿ ಹಿಮಸಾರಂಗ ಸಾಕೋ ಸಾಮಿ ಜನರಿಗೆ ಇದು ದಿನದ ಕೆಲಸದ ಗಾಡಿ. ಟ್ರ್ಯಾಕ್ ಕೈಕೊಟ್ಟರೆ ಅವರಿಗೆ ಆರು ಕಿಲೋಮೀಟರ್ ದೂರದಲ್ಲಿ ರಸ್ತೆ ಸಿಗಲ್ಲ. ಮೊದಲ ಟ್ರ್ಯಾಕ್‌ನ ಹಿಂದೆ ಇದ್ದ ಪ್ರಶ್ನೆಯೂ ಇಷ್ಟೇ: ಹೋದವರು ತಲುಪ್ತಾರಾ?

ಈ ಸಲ ಅಣ್ಣ ಒಂದೂಕಾಲು ಇಂಚಿನ ಲಗ್, ಎರಡು ಪದರ, ಪ್ರತಿ ಕಿಟಕಿಗೂ ಕ್ಲಿಪ್ ಇರೋದನ್ನ ಹಾಕಿಸಿದ. ಸ್ಟಡ್ ಬೇಡ ಅಂದ. ಪ್ಲಾಸ್ಟಿಕ್ ಪಟ್ಟಿ ಹೊಸದು, ಐಸ್ ಕೆರೆದು ಅದರ ಮೇಲೆ ಹಿಮ ಚಿಮ್ಮಿಸೋಕೆ ಎರಡು ಸ್ಪ್ರಿಂಗ್ ಕಡ್ಡಿ. ಎಲ್ಲಕ್ಕಿಂತ ಮೊದಲು ಆ ಎರಡು ಬೋಲ್ಟ್ ಸಮ ಮಾಡಿಸಿದ. ಅದಕ್ಕೆ ಖರ್ಚಾಗಿದ್ದು ಒಂದು ಸ್ಪ್ಯಾನರ್ ಮತ್ತು ಅರ್ಧ ಗಂಟೆ.

ನನ್ನನ್ನ ಈ ಸಲ ಅವನು ಏನೂ ಕೇಳಲಿಲ್ಲ. ಆದ್ರೆ ತಿಂಗಳಿಗೊಂದು ಫೋಟೋ ಕಳಿಸ್ತಾನೆ. ಅದರಲ್ಲಿ ಹಿಮ, ಮರ, ಸೂರ್ಯಾಸ್ತ ಎಲ್ಲ ಇರುತ್ತೆ. ನಾನು ಝೂಮ್ ಮಾಡಿ ಟ್ರ್ಯಾಕ್‌ನ ಬಲಗಡೆ ಅಂಚು ನೋಡ್ತೀನಿ.