ಮಾತನಾಡಿಸದ ತರಬೇತಿ, ಮಾತನಾಡದ ತರಗತಿ

ಸರಕಾರಿ ಶಾಲೆಗಳ ಒಂದನೇ ತರಗತಿಗೆ 2007ರಲ್ಲಿ ಇಂಗ್ಲಿಷನ್ನು ಒಂದು ವಿಷಯವಾಗಿ ತಂದ ಕರ್ನಾಟಕ ಸರಕಾರವು 2019ರಲ್ಲಿ ಸಾವಿರ ಶಾಲೆಗಳಲ್ಲಿ ಆಂಗ್ಲ ಮಾಧ್ಯಮದ ವಿಭಾಗಗಳನ್ನೂ ತೆರೆಯಲು ಹೊರಟಿತು. ಎರಡೂ ಬಾರಿ ಕನ್ನಡದ ಅಳಿವು ಉಳಿವಿನ ಚರ್ಚೆ ನಡೆಯಿತು. ಪಾಠ ಹೇಳಬೇಕಾದ ಶಿಕ್ಷಕರ ಸಿದ್ಧತೆಯ ಕುರಿತು ಕೇಳಿದವರು ವಿರಳ.

ಪುತ್ತೂರು, ಸುಳ್ಯ, ಕಡಬದ ತರಗತಿಗಳನ್ನೊಮ್ಮೆ ನೋಡಿ. ತುಳು, ಬ್ಯಾರಿ, ಅರೆಭಾಷೆ, ಮಲಯಾಳಂ, ತಮಿಳು ಮನೆಮಾತಿನ ಈ ಮಕ್ಕಳಿಗೆ ಕನ್ನಡವೇ ಎರಡನೆಯ ಭಾಷೆ. ಗೆಳೆಯರೊಂದಿಗೆ ಆಡುತ್ತಲೇ ಮತ್ತೊಂದು ಭಾಷೆಯನ್ನು ಕಲಿಯಬಲ್ಲ ಇವರು ಇಂಗ್ಲಿಷಿನಲ್ಲಿ ಮಾತ್ರ ಮೂಕರಾಗುವುದೇಕೆ? ಅದನ್ನು ಆಡಿಸುವ ಬದಲು ಬರೆಸಿ ಬಾಯಿಪಾಠ ಮಾಡಿಸುವುದರಿಂದ. ಇದಕ್ಕೆ ಶಿಕ್ಷಕರನ್ನು ದೂರುವುದು ಸುಲಭ. ಆದರೆ ಉಪನ್ಯಾಸ ಕೇಳಿ, ಟಿಪ್ಪಣಿ ಬರೆದುಕೊಂಡು ಮರಳುವ ತರಬೇತಿಯಲ್ಲಿ ಅವರನ್ನಾದರೂ ಮಾತನಾಡಿಸಿದವರು ಯಾರು?

ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಶಿಕ್ಷಕರ ತರಬೇತಿಗೆಂದೇ ಬೆಂಗಳೂರಿನಲ್ಲಿ 1963ರಲ್ಲಿ ಪ್ರಾದೇಶಿಕ ಸಂಸ್ಥೆಯೊಂದು ಸ್ಥಾಪನೆಯಾಯಿತು. ಆದರೆ ಘಟ್ಟದಾಚೆಯ ಕೆಲವು ದಿನಗಳ ಶಿಬಿರವೊಂದೇ ಸಾಲದು. ಕ್ಲಸ್ಟರ್ ಸಭೆಯು ಸುತ್ತೋಲೆ ಓದುವುದಕ್ಕಷ್ಟೇ ಸೀಮಿತವಾಗದೆ, ಶಿಕ್ಷಕರು ಪರಸ್ಪರರ ಪಾಠ ನೋಡಿ ಇಂಗ್ಲಿಷಿನಲ್ಲೇ ಚರ್ಚಿಸುವ ವೇದಿಕೆಯಾಗಲಿ. ಚಿತ್ರವೊಂದನ್ನು ತೋರಿಸಿ, ಮಗು ಮನೆಮಾತಿನಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳಿಸುವ ಪಾಠಕ್ಕೆ ಕಂಪ್ಯೂಟರೂ ಬೇಡ, ವಿಶೇಷ ಅನುದಾನವೂ ಬೇಡ.

ಹಣವುಳ್ಳವರ ಮಕ್ಕಳಿಗೆ ಖಾಸಗಿ ಶಾಲೆಗಳಿವೆ. ಬೀಡಿ ಕಟ್ಟುವ ತಾಯಿಯ, ರಬ್ಬರ್ ಹಾಲು ತೆಗೆಯುವ ತಂದೆಯ ಮಗುವಿಗೆ ಇರುವುದು ಈ ಶಿಕ್ಷಕರೇ. ಅವರನ್ನು ಸಜ್ಜುಗೊಳಿಸದೆ ಆಂಗ್ಲ ಮಾಧ್ಯಮದ ಫಲಕ ತೂಗುಹಾಕುವುದು ಬಡವರಿಗೆ ಎಸಗುವ ವಂಚನೆಯಲ್ಲವೇ?