ಕೊಂಡ ವಿಮಾನವೋ, ಕಟ್ಟಿದ ವಿಮಾನವೋ?

ರೇಡಿಯೋದಿಂದ ನಡೆಸುವ ಪುಟ್ಟ ವಿಮಾನವನ್ನು ಅಂಗಡಿಯಿಂದ ತಂದು ಅಂದೇ ಹಾರಿಸುವುದನ್ನು ಹವ್ಯಾಸವೆನ್ನಲು ನಾವು ಸಿದ್ಧರಿಲ್ಲ. ಅದು ಬರಿಯ ಖರೀದಿ. ಹಾರಿಸುವ ಮೊದಲ ಪಾಠಕ್ಕೆ ಫೋಮಿನ ಸಿದ್ಧವಿಮಾನ ಒಳ್ಳೆಯದೇ, ಒಪ್ಪುತ್ತೇವೆ. ಆದರೆ ಅಲ್ಲಿಗೇ ನಿಲ್ಲುವುದೇ? ಬಾಲ್ಸಾ ಹಲಗೆ ಕೊಯ್ದು ರೆಕ್ಕೆಯ ಪಕ್ಕೆಲುಬುಗಳನ್ನು ಅಂಟಿಸಿದ ಹುಡುಗನಿಗೆ ಗುರುತ್ವಕೇಂದ್ರವೆಂಬುದು ಬಾಯಿಪಾಠವಲ್ಲ. ಬಾಲ ಭಾರವಾದರೆ ವಿಮಾನ ಮೂಗೆತ್ತಿ, ವೇಗ ಕಳೆದುಕೊಂಡು ಬೀಳುತ್ತದೆಂದು ಅವನ ಬೆರಳುಗಳೇ ಬಲ್ಲವು. ಕೊಂಡದ್ದು ಮುರಿದರೆ ಅಂಗಡಿಗೆ ಓಟ. ಕಟ್ಟಿದ್ದು ಮುರಿದರೆ ಮತ್ತೆ ಕೆಲಸಕ್ಕೆ ಕೈ. 1903ರಲ್ಲಿ ರೈಟ್ ಸಹೋದರರು ಹಾರಿದ್ದು ತಾವು ಕಟ್ಟಿದ ವಿಮಾನದಲ್ಲೇ. ಮಹಾನಗರದ ಫ್ಲ್ಯಾಟಿನಲ್ಲಿ ಜಾಗವೆಲ್ಲಿ ಎಂಬ ನೆಪ ಬೇಡ; ಊಟದ ಮೇಜು ಸಾಕು. ಪಾಲಕರೇ, ಮಕ್ಕಳ ಮುಂದಿನ ಹುಟ್ಟುಹಬ್ಬಕ್ಕೆ ಸಿದ್ಧವಿಮಾನ ಬೇಡ. ನಕ್ಷೆ, ಅಂಟು, ಬಾಲ್ಸಾ ಕೊಡಿ. ಜೊತೆಗೆ ನಿಮ್ಮ ಒಂದಿಷ್ಟು ಭಾನುವಾರಗಳನ್ನೂ ಕೊಡಿ.